ಗ್ರಾಹಕರ ಮಾತಿಗೆ ಕೈ ಹಾಕುವ ಮುನ್ನ

ಮಲೆನಾಡಿನ ಹೋಮ್‌ಸ್ಟೇ, ಇಳಕಲ್ ಸೀರೆ ಮಾರುವ ಅಂಗಡಿ, ಸಿಇಟಿ ತರಬೇತಿ ಕೇಂದ್ರ, ಆಯುರ್ವೇದ ಚಿಕಿತ್ಸಾಲಯ. ಇಂಥ ಸಣ್ಣ ವ್ಯವಹಾರಗಳ ವೆಬ್‌ಸೈಟು, ಕರಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸದಲ್ಲಿ ಎಲ್ಲರೂ ಹಗುರವಾಗಿ ಕಾಣುವ, ಆದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಭಾಗವೆಂದರೆ ‘ಗ್ರಾಹಕರ ಅನಿಸಿಕೆ’. ಬೆಲೆಪಟ್ಟಿ ಅಳಿಸಿಹೋದರೆ ಮಾಲೀಕರು ಇನ್ನೊಮ್ಮೆ ಕೊಡುತ್ತಾರೆ. ಕೊಠಡಿಯ ವಿವರಣೆ ಹೋದರೆ ನಾನೇ ಕೂತು ಬರೆಯುತ್ತೇನೆ. ಆದರೆ ಯಾವಾಗಲೋ ಬಂದು ಉಳಿದುಹೋದ ಅತಿಥಿಯೊಬ್ಬರು ಬರೆದಿಟ್ಟ ನಾಲ್ಕು ಸಾಲು ಹೋದರೆ ಅದನ್ನು ಮತ್ತೆ ಬರೆಯುವ ಹಕ್ಕು ಮಾಲೀಕರಿಗೂ ಇಲ್ಲ, ನನಗೂ ಇಲ್ಲ. ನೆನಪಿನಿಂದ ಕಟ್ಟಿದರೆ ಮಾತು ನಮ್ಮದಾಗುತ್ತದೆ, ಹೆಸರು ಮಾತ್ರ ಅವರದಾಗಿ ಉಳಿಯುತ್ತದೆ. ಕೆಳಗಿನ ಪಾಠಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು.

1. ಮೂಲವನ್ನು ಮುಟ್ಟಬೇಡಿ, ನಕಲನ್ನು ತಿದ್ದಿ

ಅನಿಸಿಕೆಗಳು ಒಂದೇ ಬಾಗಿಲಿನಿಂದ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಬರುತ್ತವೆ, ಹೋಮ್‌ಸ್ಟೇ ಜಗಲಿಯ ಮೇಲಿಟ್ಟ ಅತಿಥಿ ಪುಸ್ತಕದಲ್ಲಿ ಇರುತ್ತವೆ, ಗೂಗಲ್ ರಿವ್ಯೂನಲ್ಲಿ ಇರುತ್ತವೆ, ವೆಬ್‌ಸೈಟಿನ ಫಾರ್ಮ್ ಮೂಲಕ ಇಮೇಲ್‌ಗೆ ಬೀಳುತ್ತವೆ. ಎಲ್ಲಿಂದ ಬಂದರೂ ಮೊದಲ ಕೆಲಸ ಅದನ್ನು ಬಂದ ಹಾಗೆಯೇ ಎತ್ತಿಡುವುದು. ಕೈಬರಹವಾದರೆ ಪುಟದ ಫೋಟೊ, ವಾಟ್ಸಾಪ್ ಆದರೆ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಮತ್ತು ನಕಲು ಮಾಡಿದ ಪಠ್ಯ ಎರಡೂ, ಇಮೇಲ್ ಆದರೆ ಆ ಇಮೇಲೇ.

ನಂತರ ಒಂದು ಗೂಗಲ್ ಶೀಟ್. ಅದರಲ್ಲಿ ಕ್ರಮಸಂಖ್ಯೆ, ಬಂದ ದಿನ, ಎಲ್ಲಿಂದ ಬಂತು, ಮೂಲ ಮಾತು, ಪ್ರಕಟಿಸಿದ ಮಾತು, ಹೆಸರನ್ನು ಹೇಗೆ ಹಾಕಬೇಕು, ಒಪ್ಪಿಗೆ ಸಿಕ್ಕ ಬಗೆ, ಹೀಗೆ ಕಾಲಂಗಳು. ‘ಮೂಲ ಮಾತು’ ಕಾಲಂಗೆ ಪ್ರೊಟೆಕ್ಟ್ ಸೌಲಭ್ಯ ಬಳಸಿ ಬೀಗ ಹಾಕಿ. ತಿದ್ದುವುದೆಲ್ಲ ಪಕ್ಕದ ಕಾಲಂನಲ್ಲಿ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಅನಾಹುತದ ದಿನ ಕೈ ಹಿಡಿಯುವುದು ಇದೊಂದೇ. ಉಳಿದ ಉಪಾಯಗಳೆಲ್ಲ ಅದೃಷ್ಟವನ್ನು ನೆಚ್ಚಿಕೊಂಡವು.

ಇಲ್ಲಿ ಎರಡು ಸಣ್ಣ ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದ ಒಳಗೆ ಕಳಿಸಿದವರೇ ತಿದ್ದಬಹುದು, ಹಾಗಾಗಿ ಬಂದ ತಕ್ಷಣ ನಕಲಿಸದೆ ಸ್ವಲ್ಪ ಕಾಯಿರಿ. ಇನ್ನೊಂದು, ವರ್ಡ್‌ಪ್ರೆಸ್‌ನಲ್ಲಿ ಬಹಳ ಜನ ಬಳಸುವ ‘ಕಾಂಟ್ಯಾಕ್ಟ್ ಫಾರ್ಮ್ 7’ ಪ್ಲಗಿನ್ ಬಂದ ಸಂದೇಶವನ್ನು ಇಮೇಲ್ ಮಾಡುತ್ತದೆ, ತಾನಾಗಿ ಸೈಟಿನಲ್ಲಿ ಉಳಿಸಿಕೊಳ್ಳುವುದಿಲ್ಲ. ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿ ಅಳಿದರೆ ಅತಿಥಿ ಬರೆದದ್ದು ಎಲ್ಲಿಯೂ ಇಲ್ಲ. ಸಂದೇಶಗಳನ್ನು ಸೈಟಿನಲ್ಲೇ ಉಳಿಸುವ ‘ಫ್ಲಮಿಂಗೊ’ದಂಥ ಜೊತೆ ಪ್ಲಗಿನ್ ಹಾಕಿಕೊಳ್ಳುವುದು ಒಳ್ಳೆಯದು.

2. ಅವರ ಕನ್ನಡವನ್ನು ನಿಮ್ಮ ಕನ್ನಡ ಮಾಡಬೇಡಿ

ಉತ್ತರ ಕರ್ನಾಟಕದಿಂದ ಮಲೆನಾಡಿಗೆ ಬಂದ ಕುಟುಂಬವೊಂದು ಇಂಥ ಸಾಲು ಬರೆಯುತ್ತದೆ ಎಂದಿಟ್ಟುಕೊಳ್ಳಿ:

‘ಭಾಳ ಚಲೋ ವ್ಯವಸ್ಥಾ ಐತ್ರಿ. ನಮ್ಮ ಅವ್ವಗ ಅಕ್ಕಿ ಊಟ ಒಗ್ಗೂದಿಲ್ಲ. ರೊಟ್ಟಿ ಕೇಳಿದ್ವಿ, ಸಂಜೀಕ ಮಾಡಿಕೊಟ್ರು.’

ಇದು ತಿದ್ದುವವರ ಕೈಗೆ ಸಿಕ್ಕಿ ಹೀಗಾಗುತ್ತದೆ:

‘ವ್ಯವಸ್ಥೆ ಅತ್ಯುತ್ತಮವಾಗಿದೆ. ನಮ್ಮ ಕೋರಿಕೆಯ ಮೇರೆಗೆ ವಿಶೇಷ ಆಹಾರವನ್ನು ಒದಗಿಸಲಾಯಿತು.’

ವ್ಯಾಕರಣದಲ್ಲಿ ಎರಡನೆಯದು ಸರಿ. ಆದರೆ ಅದನ್ನು ಯಾರು ಬೇಕಾದರೂ, ಯಾವ ಹೋಟೆಲಿನ ಬಗ್ಗೆ ಬೇಕಾದರೂ ಬರೆಯಬಹುದು. ಮೊದಲನೆಯದರಲ್ಲಿ ಒಬ್ಬ ಅವ್ವ ಇದ್ದಾರೆ, ಅಕ್ಕಿ ಊಟದ ಸೀಮೆಯಲ್ಲಿ ಜೋಳದ ಹಿಟ್ಟು ಹುಡುಕಿ ತಂದ ಒಬ್ಬ ಅಡುಗೆಯವರಿದ್ದಾರೆ. ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಕೂತು ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೋಗಬಹುದೇ ಎಂದು ಯೋಚಿಸುತ್ತಿರುವವರಿಗೆ ಬೇಕಾದ ಉತ್ತರ ಅಲ್ಲಿದೆ. ‘ಐತ್ರಿ’ಯನ್ನು ‘ಇದೆ’ ಮಾಡುವುದು, ಕರಾವಳಿಯವರ ‘ಉಂಟು’ವನ್ನು ಅಳಿಸುವುದು ತಿದ್ದುಪಡಿಯಲ್ಲ, ಬರೆದವರನ್ನು ಹೊರಗೆ ಹಾಕುವುದು.

ಹಾಗಾದರೆ ಏನು ತಿದ್ದಬಹುದು? ಟೈಪಿಂಗ್ ತಪ್ಪು, ಎರಡು ಸಲ ಬಿದ್ದ ಪದ, ಫೋನಿನ ಕೀಬೋರ್ಡು ತಾನಾಗಿ ತುರುಕಿದ್ದು ಎಂದು ಸ್ಪಷ್ಟವಾಗಿ ಕಾಣುವ ಪದ, ಸಾಲುಗಳ ನಡುವಿನ ಖಾಲಿ ಜಾಗ. ಬರೆದವರೇ ಕಂಡಿದ್ದರೆ ‘ಅಯ್ಯೋ, ಅದನ್ನು ಸರಿ ಮಾಡಿ’ ಎಂದು ಹೇಳುತ್ತಿದ್ದಂಥವು ಮಾತ್ರ. ಸಂಖ್ಯೆ, ದಿನಾಂಕ, ಊರು, ಸಿಬ್ಬಂದಿಯ ಹೆಸರು ತಪ್ಪಾಗಿದೆ ಅನ್ನಿಸಿದರೆ ಕೇಳಿ ತಿದ್ದಿ. ಹೊಗಳಿಕೆಯ ಅಳತೆಯನ್ನಂತೂ ಮುಟ್ಟಲೇಬೇಡಿ. ‘ಪರವಾಗಿಲ್ಲ’ ಎಂದವರ ಬಾಯಲ್ಲಿ ‘ಅದ್ಭುತ’ ಹಾಕುವುದು ಸುಳ್ಳು ಸಾಕ್ಷಿ.

ಈಚೆಗೆ ಚಾಟ್‌ಜಿಪಿಟಿಯಂಥ ಸಾಧನಕ್ಕೆ ಎಲ್ಲ ಅನಿಸಿಕೆಗಳನ್ನು ಒಟ್ಟಿಗೆ ಸುರಿದು ‘ಚೆಂದ ಮಾಡು’ ಎನ್ನುವ ರೂಢಿ ಬಂದಿದೆ. ಹಾಗೆ ಚೆಂದವಾದ ಪುಟವನ್ನು ಓದಿ ನೋಡಿ. ಎಲ್ಲರೂ ಒಂದೇ ಶಾಲೆಯಲ್ಲಿ ಕಲಿತವರ ಹಾಗೆ ಮಾತನಾಡುತ್ತಿರುತ್ತಾರೆ. ನಿಜವಾದ ಗ್ರಾಹಕರ ನಿಜವಾದ ಮಾತು ಸುಳ್ಳಿನ ಹಾಗೆ ಕೇಳುವಂತಾದರೆ ಅದಕ್ಕಿಂತ ನಷ್ಟ ಬೇರೆ ಇಲ್ಲ.

3. ಕತ್ತರಿಸಿದ ಮೇಲೆ ಉಳಿದದ್ದನ್ನು ಮೂಲದ ಪಕ್ಕ ಇಟ್ಟು ಓದಿ

ಕರಪತ್ರದಲ್ಲಿ ಜಾಗ ಕಡಿಮೆ, ಮೊಬೈಲ್ ಪರದೆಯಲ್ಲಿ ಇನ್ನೂ ಕಡಿಮೆ. ಕತ್ತರಿಸುವುದು ಅನಿವಾರ್ಯ. ಅಪಾಯ ಇರುವುದೂ ಅಲ್ಲೇ. ಈ ಮೂರು ವಾಕ್ಯ ನೋಡಿ: ‘ಊಟ ತುಂಬಾ ರುಚಿ. ಕೊನೆಯ ಎರಡು ಕಿಲೋಮೀಟರ್ ದಾರಿ ಸಣ್ಣ ಕಾರಿಗೆ ಆಗುವುದಿಲ್ಲ. ಜೀಪ್ ಕಳಿಸಿ ಕರೆಸಿಕೊಂಡರು.’

‘ನಡುವಿನದು ಬೇಡ ಮೇಡಂ, ಜನ ಹೆದರಿಕೊಳ್ಳುತ್ತಾರೆ’ ಎನ್ನುತ್ತಾರೆ ಮಾಲೀಕರು. ತೆಗೆದರೆ ಏನಾಗುತ್ತದೆ? ಜೀಪ್ ಕಳಿಸಿದ್ದು ದೊಡ್ಡಸ್ತಿಕೆಯ ಉಪಚಾರದಂತೆ ಕೇಳುತ್ತದೆ. ಅದನ್ನು ನಂಬಿ ಮಳೆಗಾಲದಲ್ಲಿ ತಮ್ಮ ಪುಟ್ಟ ಕಾರಿನಲ್ಲೇ ಹೊರಟ ಇನ್ನೊಂದು ಕುಟುಂಬ ರಾತ್ರಿ ಎಂಟಕ್ಕೆ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅವರು ಬರೆಯುವ ಅನಿಸಿಕೆ ಬೇರೆಯೇ ಇರುತ್ತದೆ. ನಡುವಿನ ವಾಕ್ಯ ಉಳಿದರೆ ಅದೇ ಮಾಲೀಕರಿಗೆ ಲಾಭ, ಬರುವವರು ಮೊದಲೇ ಫೋನ್ ಮಾಡಿ ಜೀಪ್ ಹೇಳುತ್ತಾರೆ.

ನಾನು ಪಾಲಿಸುವ ಕ್ರಮ ಇಷ್ಟು. ಪೂರ್ತಿ ವಾಕ್ಯವನ್ನು ಬಿಡಬಹುದು, ವಾಕ್ಯದೊಳಗೆ ಕೈ ಹಾಕಬಾರದು. ಬಿಟ್ಟ ಕಡೆ ಮೂರು ಚುಕ್ಕೆ ಇರಲಿ. ‘ಆದರೆ’, ‘ಮಾತ್ರ’, ‘ಇನ್ನೂ’ ಇರುವ ವಾಕ್ಯವನ್ನು ಬಿಡುವ ಮುಂಚೆ ಎರಡು ಸಲ ಯೋಚಿಸಿ, ಏಕೆಂದರೆ ಬರೆದವರ ನಿಜವಾದ ಅಭಿಪ್ರಾಯ ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ಕತ್ತರಿಸಿದ್ದನ್ನು ಬರೆದವರಿಗೆ ಕಳಿಸಿ, ‘ಹೀಗೆ ಹಾಕಬಹುದೇ?’ ಎಂದು ಕೇಳಿ. ಗೂಗಲ್ ಡಾಕ್ಸ್‌ನಲ್ಲಿ ತಿದ್ದುವುದಾದರೆ ‘ಸಜೆಸ್ಟಿಂಗ್’ ಸ್ಥಿತಿಯಲ್ಲಿ ಇಟ್ಟುಕೊಂಡು ತಿದ್ದಿ, ತೆಗೆದದ್ದು ಅಡ್ಡಗೆರೆಯೊಡನೆ ಕಣ್ಣೆದುರಿಗೇ ಇರುತ್ತದೆ.

4. ಹಾಕಲಾಗದ ಮಾತನ್ನು ತಿದ್ದಿ ಹಾಕಬೇಡಿ, ಬಿಟ್ಟುಬಿಡಿ

ಆಯುರ್ವೇದ ಚಿಕಿತ್ಸಾಲಯದವರು ರೋಗಿಗಳ ಅನಿಸಿಕೆ ತಂದುಕೊಡುತ್ತಾರೆ: ‘ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಯಿತು.’ ಬರೆದವರು ಮನಸಾರೆ ಬರೆದಿರಬಹುದು. ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಲ್ಲಿ ಕೆಲವು ಕಾಯಿಲೆಗಳ ಪಟ್ಟಿಯೇ ಇದೆ. ಅವನ್ನು ವಾಸಿಮಾಡುತ್ತದೆ ಎಂದು ಯಾವುದೇ ಔಷಧವನ್ನು ಜಾಹೀರಾತು ಮಾಡುವುದು ಅಪರಾಧ. ಮಧುಮೇಹ ಆ ಪಟ್ಟಿಯಲ್ಲಿದೆ. ಆಗ ಬರುವ ಸಲಹೆ, ‘ವಾಸಿಯಾಯಿತು ತೆಗೆದು ಹಿಡಿತಕ್ಕೆ ಬಂತು ಅಂತ ಮಾಡಿ’. ಅದು ಇನ್ನೂ ಕೆಟ್ಟದ್ದು. ರೋಗಿ ಹೇಳದ ಮಾತನ್ನು ರೋಗಿಯ ಹೆಸರಿನಲ್ಲಿ ಹೇಳಿಸಿದಂತಾಯಿತು. ಇಂಥದ್ದನ್ನು ಪೂರ್ತಿ ಬಿಡಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಬಂದಿದೆ. ಜಾಹೀರಾತಿನಲ್ಲಿ ಯಾರಾದರೂ ಶಿಫಾರಸು ಮಾಡಿದರೆ ಅದು ಅವರ ಪ್ರಾಮಾಣಿಕ, ತಕ್ಕಮಟ್ಟಿಗೆ ಈಚಿನ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಆಧಾರ ಇರಬೇಕು ಎನ್ನುತ್ತದೆ ಅದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಆನ್‌ಲೈನ್ ಗ್ರಾಹಕ ವಿಮರ್ಶೆಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ಬಗ್ಗೆ ಭಾರತೀಯ ಮಾನಕ ಬ್ಯೂರೊ ಐಎಸ್ 19000:2022 ಎಂಬ ಮಾನಕವನ್ನೂ ತಂದಿದೆ. ‘ಈಚಿನ’ ಎಂಬ ಮಾತನ್ನು ಗಮನಿಸಿ. ಹಳೆಯ ಅಡುಗೆಯವರು ಬಿಟ್ಟುಹೋಗಿ ವರ್ಷಗಳಾದ ಮೇಲೂ ಅವರ ಕೈರುಚಿಯ ಹೊಗಳಿಕೆ ಮುಖಪುಟದಲ್ಲಿ ಇರಬಾರದು. ದಿನಾಂಕ ಹಾಕಿದರೆ ಓದುವವರೇ ತೂಗಿ ನೋಡುತ್ತಾರೆ.

5. ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ

‘ನಿಮ್ಮ ಈ ಮಾತನ್ನು ನಮ್ಮ ವೆಬ್‌ಸೈಟಿನಲ್ಲಿ ಹಾಕಬಹುದೇ? ಪೂರ್ತಿ ಹೆಸರು ಹಾಕಲೇ, ಮೊದಲಕ್ಷರ ಮತ್ತು ಊರು ಸಾಕೇ? ಫೋಟೊ ಬೇಡವೇ?’ ಇಷ್ಟು ಕೇಳಿ ಬಂದ ಉತ್ತರವನ್ನು ಉಳಿಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ದಾರಿ ಇರಬೇಕು. ಹಿಂದಕ್ಕೆ ಪಡೆದವರದ್ದೇ ಒಂದು ಪಟ್ಟಿ ಇಡಿ. ಅದು ಏಕೆ ಬೇಕು ಎಂಬುದು ಹತ್ತನೆಯ ಪಾಠದಲ್ಲಿ ಗೊತ್ತಾಗುತ್ತದೆ.

6. ಒಂದೇ ಕಾಲಂ ವಿಂಗಡಿಸುವುದು ಎಲ್ಲಕ್ಕಿಂತ ಮೌನವಾದ ಅನಾಹುತ

ಅಳಿಸಿಹೋದದ್ದು ಕಣ್ಣಿಗೆ ಕಾಣುತ್ತದೆ. ಅದಲುಬದಲಾದದ್ದು ಕಾಣುವುದಿಲ್ಲ. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಮಾತ್ರ ಆಯ್ಕೆ ಮಾಡಿ ಅಕಾರಾದಿಯಾಗಿ ಜೋಡಿಸಲು ಹೊರಟರೆ, ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ ಅಥವಾ ಇದೊಂದನ್ನೇ ಜೋಡಿಸಲೇ ಎಂದು ಅದು ಕೇಳುತ್ತದೆ. ಓದದೆ ಎರಡನೆಯದನ್ನು ಒತ್ತಿದರೆ ಹೆಸರುಗಳು ಮಾತ್ರ ಮೇಲೆ ಕೆಳಗೆ ಓಡಾಡಿ, ಮಾತುಗಳು ಇದ್ದಲ್ಲೇ ಉಳಿಯುತ್ತವೆ. ಶೀಟು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಪ್ರತಿ ಹೆಸರಿಗೂ ಒಂದು ಮಾತು, ಪ್ರತಿ ಮಾತಿಗೂ ಒಂದು ಹೆಸರು. ಆದರೆ ಎಲ್ಲವೂ ಬೇರೆಯವರದ್ದು.

ತರಬೇತಿ ಕೇಂದ್ರವೊಂದರ ಪಟ್ಟಿಯಲ್ಲಿ ಹೀಗಾಗಿತ್ತು. ನೀಟ್ ಬರೆದ ಹುಡುಗಿ ಗಣಿತದ ಮೇಷ್ಟ್ರಿಗೆ ಕೃತಜ್ಞತೆ ಹೇಳುತ್ತಿದ್ದಳು. ಅದು ಹಾಗೆಯೇ ಕರಪತ್ರಕ್ಕೂ ಹೋಯಿತು. ಗೊತ್ತಾದದ್ದು ಹುಡುಗಿಯ ತಂದೆ ಫೋನ್ ಮಾಡಿ, ‘ನಮ್ಮ ಮಗಳು ಪಿಯುಸಿಯಲ್ಲಿ ಗಣಿತವನ್ನೇ ತೆಗೆದುಕೊಂಡಿರಲಿಲ್ಲವಲ್ಲ ಸರ್’ ಎಂದು ಕೇಳಿದಾಗ. ಅಷ್ಟು ಹೊತ್ತಿಗೆ ಫೈಲನ್ನು ಸೇವ್ ಮಾಡಿ ಎಷ್ಟೋ ಸಲ ಮುಚ್ಚಿ ತೆರೆದಾಗಿತ್ತು, ಕಂಟ್ರೋಲ್ ಝಡ್‌ಗೆ ಏನೂ ಸಿಗಲಿಲ್ಲ. ಮಕ್ಕಳು ಕೈಯಲ್ಲಿ ತುಂಬಿಕೊಟ್ಟಿದ್ದ ಕಾಗದದ ಫಾರ್ಮುಗಳು ಕಪಾಟಿನಲ್ಲಿ ಉಳಿದಿದ್ದವು, ಅವನ್ನು ಒಂದೊಂದಾಗಿ ನೋಡಿ ಜೋಡಿಸಬೇಕಾಯಿತು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಕ್ರಮಸಂಖ್ಯೆಯಲ್ಲಿ ಹೆಸರಿನ ಮೊದಲಕ್ಷರವನ್ನೂ ಸೇರಿಸುತ್ತೇನೆ: ಸು-27, ಮ-28. ಅದನ್ನು ಮಾತಿನ ಕಾಲಂಗೆ ಅಂಟಿದಂತೆ ಇಡುತ್ತೇನೆ. ಹೆಸರು ಜಾರಿದರೆ ‘ಸು-27’ರ ಸಾಲಿನಲ್ಲಿ ಗಿರೀಶ ಎಂದು ಕಾಣುತ್ತದೆ, ಕಣ್ಣು ತಾನೇ ನಿಲ್ಲುತ್ತದೆ. ಗೂಗಲ್ ಶೀಟ್‌ನಲ್ಲಾದರೆ ‘ವರ್ಷನ್ ಹಿಸ್ಟರಿ’ ತೆರೆದು ಹಿಂದಿನ ಸ್ಥಿತಿಗೆ ಮರಳಬಹುದು. ಒಂದೊಂದು ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ಯಾರು, ಯಾವಾಗ ಬದಲಿಸಿದರು ಎಂದೂ ನೋಡಬಹುದು. ದೊಡ್ಡ ಕೆಲಸಕ್ಕೆ ಮುಂಚೆ ಆಗಿನ ಸ್ಥಿತಿಗೆ ‘ವಿಂಗಡಿಸುವ ಮುನ್ನ’ ಎಂದು ಒಂದು ಹೆಸರು ಕೊಟ್ಟಿಡಿ, ಆಮೇಲೆ ಹುಡುಕುವುದು ಸುಲಭ.

7. ‘ಹುಡುಕಿ ಬದಲಿಸು’ ಒತ್ತುವ ಮುಂಚೆ

ವ್ಯವಹಾರದ ಹೆಸರು ಬದಲಾಯಿತು, ಸೈಟಿನಲ್ಲೆಲ್ಲ ಹೊಸ ಹೆಸರು ಬರಬೇಕು. ಒಂದೇ ಏಟಿಗೆ ಬದಲಿಸಿದರೆ ಹಿಂದಿನ ವರ್ಷಗಳಲ್ಲಿ ಬಂದಿದ್ದ ಅತಿಥಿಗಳೂ ಆಗ ಇಲ್ಲದ ಹೆಸರನ್ನು ಹೊಗಳತೊಡಗುತ್ತಾರೆ. ಅನಿಸಿಕೆಗಳನ್ನು ಈ ಬದಲಾವಣೆಯಿಂದ ಹೊರಗಿಡಬೇಕು. ಬೇಕಾದರೆ ಪುಟದ ಮೇಲೆ ‘ಮೊದಲು ಇಂಥ ಹೆಸರಿನಲ್ಲಿ ನಡೆಯುತ್ತಿತ್ತು’ ಎಂದು ನಮ್ಮ ಮಾತಿನಲ್ಲಿ ಬರೆಯೋಣ.

ಕನ್ನಡದಲ್ಲಿ ಇನ್ನೊಂದು ತೊಡಕು. ‘ಟೀ’ ಹುಡುಕಿ ‘ಚಹಾ’ ಮಾಡಿದರೆ ‘ಟೀಚರ್’ ಹೋಗಿ ‘ಚಹಾಚರ್’ ಆಗುತ್ತದೆ. ನಮ್ಮ ಪದಗಳು ಪ್ರತ್ಯಯ ಅಂಟಿಸಿಕೊಂಡು ಬೆಳೆಯುವುದರಿಂದ ‘ಪೂರ್ತಿ ಪದ ಮಾತ್ರ’ ಎಂಬ ಆಯ್ಕೆಯೂ ಪೂರ್ತಿ ಕಾಪಾಡುವುದಿಲ್ಲ. ‘ಟೀಯನ್ನು’ ತಪ್ಪಿಸಿಕೊಳ್ಳುತ್ತದೆ. ಒಂದೊಂದನ್ನೇ ನೋಡಿ ಬದಲಿಸುವುದೇ ದಾರಿ.

ವರ್ಡ್‌ಪ್ರೆಸ್ ದತ್ತಾಂಶದಲ್ಲಿ ನೇರವಾಗಿ ಬದಲಿಸುವವರಿಗೆ ಒಂದು ಮಾತು. ವಿಜೆಟ್‌ಗಳು ಮತ್ತು ಹಲವು ಪ್ಲಗಿನ್‌ಗಳು ಪಠ್ಯದ ಜೊತೆಗೆ ಅದರ ಉದ್ದವನ್ನೂ ಬೈಟ್ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಪಠ್ಯ ಬದಲಾಗಿ ಉದ್ದದ ಅಂಕಿ ಹಳೆಯದೇ ಉಳಿದರೆ ಅದನ್ನು ಓದಲಾಗದೆ, ಅನಿಸಿಕೆಗಳ ಇಡೀ ಸ್ಲೈಡರ್ ಖಾಲಿಯಾಗಿ ಕಾಣುತ್ತದೆ. ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆದೇಶ ಈ ಉದ್ದವನ್ನೂ ಸರಿಪಡಿಸುತ್ತದೆ. ‘ಡ್ರೈ ರನ್’ ಕೊಟ್ಟರೆ ಏನನ್ನೂ ಮುಟ್ಟದೆ ಎಷ್ಟು ಕಡೆ ಬದಲಾಗಲಿದೆ ಎಂದು ಮಾತ್ರ ಹೇಳುತ್ತದೆ. ಮೊದಲು ಅದನ್ನು ಓಡಿಸಿ.

8. ಪ್ರಶ್ನಾರ್ಥಕ ಚಿಹ್ನೆ ಬೇರೆ, ಕಲಸಿದ ಅಕ್ಷರ ಬೇರೆ

ಕನ್ನಡದ ಶೀಟನ್ನು ಎಕ್ಸೆಲ್‌ನಿಂದ ಸಾದಾ ಸಿಎಸ್‌ವಿ ಆಗಿ ಉಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬ ಬೇರೆ ಆಯ್ಕೆ ಇದೆ, ಅದನ್ನೇ ಆರಿಸಬೇಕು. ಪ್ರಶ್ನಾರ್ಥಕ ಚಿಹ್ನೆ ಬಂದರೆ ಆ ಫೈಲಿನಲ್ಲಿ ಮಾತು ಉಳಿದಿಲ್ಲ, ಮೂಲಕ್ಕೆ ಹೋಗಬೇಕು. ಆದರೆ ಗುರುತು ಸಿಗದ ಇಂಗ್ಲಿಷ್ ಅಕ್ಷರಗಳು, ಚುಕ್ಕೆ ಗೀಟುಗಳು ಕಂಡರೆ ಗಾಬರಿ ಬೇಡ. ಫೈಲನ್ನು ತಪ್ಪು ಸಂಕೇತಕ್ರಮದಲ್ಲಿ ತೆರೆದಿರಬಹುದು, ಅಥವಾ ಅದು ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಪಠ್ಯವಾಗಿರಬಹುದು. ಸೇವ್ ಮಾಡದೆ ಮುಚ್ಚಿ ಸರಿಯಾದ ಕ್ರಮದಲ್ಲಿ ತೆರೆದರೆ ಅಥವಾ ಪರಿವರ್ತಕದಿಂದ ಯುನಿಕೋಡ್‌ಗೆ ತಂದರೆ ಮಾತು ಮರಳುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ತಮ್ಮ ಜಾಗದಲ್ಲಿವೆಯೇ ಎಂದು ಸಾಲುಸಾಲಾಗಿ ನೋಡಿ.

ಎಮೋಜಿಯ ಕಾಟ ಇನ್ನೊಂದು. ನಮ್ಮ ಜನ ಅನಿಸಿಕೆಯಲ್ಲಿ ಕೈಮುಗಿದ ಚಿತ್ರ ಹಾಕದೆ ಇರುವುದು ಕಡಿಮೆ. ಅದಕ್ಕೆ 4 ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಕೋಷ್ಟಕದಲ್ಲಿ 3 ಬೈಟ್‌ಗೆ ಮಾತ್ರ ಜಾಗ. ಹಳೆಯ ಸೈಟುಗಳಲ್ಲಿ ಎಮೋಜಿಯ ನಂತರದ ಮಾತು ಪೂರ್ತಿ ಕತ್ತರಿಸಿ ಹೋಗುವುದುಂಟು. ಅನಿಸಿಕೆಯೊಂದು ನಡುವೆ ನಿಂತಂತೆ ಕಂಡರೆ ಮೂಲದಲ್ಲಿ ಆ ಜಾಗದಲ್ಲಿ ಎಮೋಜಿ ಇದೆಯೇ ನೋಡಿ, ಸೈಟು ಮಾಡಿದವರಿಗೆ ‘ಯುಟಿಎಫ್8ಎಂಬಿ4’ಗೆ ಬದಲಿಸಲು ಹೇಳಿ.

9. ಆಗಬಾರದ್ದು ಆದಾಗ ಮೊದಲು ಕೈ ಹಿಂದಕ್ಕೆ ತೆಗೆಯಿರಿ

ತಪ್ಪು ಗೊತ್ತಾದ ಕೂಡಲೇ ಎಲ್ಲರೂ ಮಾಡುವುದು ಗಡಿಬಿಡಿಯಲ್ಲಿ ಇನ್ನೂ ನಾಲ್ಕು ಗುಂಡಿ ಒತ್ತುವುದು. ಹಾವು ಕಚ್ಚಿದವರು ಓಡಿದ ಹಾಗೆ ಅದು, ವಿಷ ಬೇಗ ಏರುತ್ತದೆ.

ತಿದ್ದುತ್ತಿದ್ದ ಟ್ಯಾಬ್ ಮುಚ್ಚಬೇಡಿ, ರಿಫ್ರೆಶ್ ಮಾಡಬೇಡಿ. ಕಂಟ್ರೋಲ್ ಝಡ್ ಇನ್ನೂ ಅಲ್ಲಿ ಜೀವಂತ ಇರುತ್ತದೆ. ಸೈಟಿನ ‘ಕ್ಯಾಶ್ ಪರ್ಜ್’ ಅಥವಾ ‘ಕ್ಲಿಯರ್ ಕ್ಯಾಶ್’ ಗುಂಡಿಯನ್ನು ಮುಟ್ಟಲೇಬೇಡಿ. ಈ ಒಂದು ಮಾತನ್ನು ಹೊಸಬರಿಗೆ ಎಷ್ಟು ಹೇಳಿದರೂ ಸಾಲದು. ಒಳಗೆ ಅಳಿಸಿಹೋಗಿದ್ದರೂ ಹೊರಗಿನ ಓದುಗರಿಗೆ ಸ್ವಲ್ಪ ಹೊತ್ತು ಹಳೆಯ ಪುಟವೇ ಕಾಣುತ್ತಿರಬಹುದು. ಇನ್ನೊಂದು ಫೋನಿನಲ್ಲಿ, ಲಾಗಿನ್ ಆಗದೆ, ಆ ಪುಟ ತೆರೆದು ನೋಡಿ. ಕಂಡರೆ ತಕ್ಷಣ ಪಠ್ಯವನ್ನು ನಕಲು ಮಾಡಿ, ಸ್ಕ್ರೀನ್‌ಶಾಟ್ ತೆಗೆಯಿರಿ.

ಅಲ್ಲಿ ಸಿಗದಿದ್ದರೆ ಕಸದ ಬುಟ್ಟಿ. ವರ್ಡ್‌ಪ್ರೆಸ್ ಟ್ರ್ಯಾಶ್‌ನಲ್ಲಿ ಮಾಮೂಲಿನಂತೆ 30 ದಿನ ಇರುತ್ತದೆ, ಗೂಗಲ್ ಡ್ರೈವ್‌ನಲ್ಲೂ 30 ದಿನ. ಆದರೆ ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಯಿಂದ ಅಳಿಸಿದ ಫೋಟೊಗೆ ಮಾಮೂಲಿನಂತೆ ಕಸದ ಬುಟ್ಟಿಯೇ ಇಲ್ಲ, ಹೋದರೆ ಹೋಯಿತು. ಆಮೇಲೆ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷಿನ್’ನಲ್ಲಿ ಸೈಟಿನ ವಿಳಾಸ ಹಾಕಿ ನೋಡಿ. ಸಣ್ಣ ಸೈಟುಗಳ ಹಳೆಯ ಪುಟಗಳೂ ಅಲ್ಲಿ ಸಿಕ್ಕಿದ್ದುಂಟು, ತಿರುಗುವ ಸ್ಲೈಡರ್‌ನೊಳಗಿನ ಮಾತು ಮಾತ್ರ ಕೆಲವೊಮ್ಮೆ ಸಿಗುವುದಿಲ್ಲ. ಎಲ್ಲದರ ನಂತರವೂ ಉಳಿಯುವುದು ಮೊದಲ ಪಾಠದ ಶೀಟು.

ರಿವಿಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ವರ್ಡ್‌ಪ್ರೆಸ್‌ನಲ್ಲಿ ಪುಟ ಅಥವಾ ಲೇಖನದ ಹಳೆಯ ರೂಪಗಳು ರಿವಿಷನ್ ಆಗಿ ಉಳಿಯುತ್ತವೆ. ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು, ಬೇಕಾದ್ದನ್ನು ರಿಸ್ಟೋರ್ ಮಾಡಿದರೂ ಈಗಿನದ್ದು ಇನ್ನೊಂದು ರಿವಿಷನ್ ಆಗಿ ಉಳಿಯುತ್ತದೆ. ಧೈರ್ಯವಾಗಿ ಬಳಸಬಹುದಾದ ಸೌಲಭ್ಯ. ಆದರೆ ಅನಿಸಿಕೆಗಳಿಗೆಂದೇ ಇರುವ ಪ್ಲಗಿನ್‌ಗಳು ಪ್ರತಿ ಅನಿಸಿಕೆಯನ್ನು ಬೇರೆ ಬಗೆಯ ಬರಹವಾಗಿ ಇಡುತ್ತವೆ. ಪ್ಲಗಿನ್ ಮಾಡಿದವರು ರಿವಿಷನ್‌ಗೆ ಅವಕಾಶ ಕೊಡದಿದ್ದರೆ ಅದಕ್ಕೆ ಹಳೆಯ ರೂಪವೇ ಇರುವುದಿಲ್ಲ. ಕೊಟ್ಟಿದ್ದರೂ ಹೆಸರು, ಊರು, ನಕ್ಷತ್ರ, ಫೋಟೊ ಇರುವ ಹೆಚ್ಚುವರಿ ಖಾನೆಗಳು ಬಹಳ ಕಡೆ ರಿವಿಷನ್‌ನಲ್ಲಿ ಸೇರುವುದಿಲ್ಲ. ಹಳೆಯ ಮಾತು ಮರಳುತ್ತದೆ, ಕೆಳಗೆ ಹೊಸ ಹೆಸರು ಹಾಗೆಯೇ ಕೂತಿರುತ್ತದೆ. ರಿಸ್ಟೋರ್ ಮಾಡಿದ ಮೇಲೆ ಹೆಸರನ್ನು ಶೀಟಿನೊಡನೆ ತಾಳೆ ನೋಡದೆ ಪ್ರಕಟಿಸಬೇಡಿ. ನಿಮ್ಮ ಪ್ಲಗಿನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸುಮ್ಮನೆ ಒಂದು ‘ಪರೀಕ್ಷೆ’ ಅನಿಸಿಕೆ ಹಾಕಿ, ತಿದ್ದಿ, ಮರಳಿಸಿ ಇವತ್ತೇ ನೋಡಿಟ್ಟುಕೊಳ್ಳಿ.

10. ಪೂರ್ತಿ ಬ್ಯಾಕಪ್ ಮರಳಿಸುವುದು ಕಟ್ಟಕಡೆಯ ದಾರಿ

ಒಂದು ಅನಿಸಿಕೆ ಹೋಯಿತೆಂದು ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ ‘ಮೊನ್ನೆಯ ಬ್ಯಾಕಪ್ ಹಾಕಿಬಿಡಿ’ ಎನ್ನುವವರಿದ್ದಾರೆ. ಹಾಕುತ್ತಾರೆ. ಅನಿಸಿಕೆ ಬರುತ್ತದೆ. ಮೊನ್ನೆಯಿಂದ ಇವತ್ತಿನವರೆಗೆ ಬಂದ ಬುಕಿಂಗ್, ವಿಚಾರಣೆ, ಆರ್ಡರುಗಳು ಹೋಗುತ್ತವೆ. ದಸರಾ ರಜೆಯ ವಾರದಲ್ಲಿ ಇಂಥದ್ದಾದರೆ ಒಂದೇ ಕೊಠಡಿಗೆ ಎರಡು ಕುಟುಂಬ ಬಂದು ನಿಲ್ಲುತ್ತವೆ.

ಸರಿಯಾದ ಕ್ರಮ ಬೇರೆ. ಬ್ಯಾಕಪ್ಪನ್ನು ನಡೆಯುತ್ತಿರುವ ಸೈಟಿನ ಮೇಲೆ ಹಾಕದೆ, ಬೇರೆ ಜಾಗದಲ್ಲಿ ತೆರೆಯಬೇಕು. ನಿಮ್ಮ ಕಂಪ್ಯೂಟರಿನಲ್ಲೇ ಆಗಬಹುದು, ಹೋಸ್ಟಿಂಗ್‌ನವರು ಕೊಡುವ ಸ್ಟೇಜಿಂಗ್ ಜಾಗದಲ್ಲಿ ಆಗಬಹುದು. ಅಲ್ಲಿಂದ ಕಳೆದುಹೋದ ಮಾತನ್ನಷ್ಟೇ ನಕಲು ಮಾಡಿ ತಂದು ಹಾಕಿ. ಇನ್ನು ಪೂರ್ತಿ ಮರಳಿಸದೆ ಗತಿಯಿಲ್ಲ ಎಂದಾದರೆ, ಮೊದಲು ಈಗಿನ ಕೆಟ್ಟ ಸ್ಥಿತಿಯದ್ದೂ ಒಂದು ಬ್ಯಾಕಪ್ ತೆಗೆಯಿರಿ. ಈ ನಡುವೆ ಬಂದ ಬುಕಿಂಗ್‌ಗಳು ಅದರಲ್ಲಿರುತ್ತವೆ.

ಮತ್ತೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಳೆಯ ಬ್ಯಾಕಪ್ ಮರಳಿದಾಗ, ಒಪ್ಪಿಗೆ ಹಿಂದಕ್ಕೆ ಪಡೆದು ತೆಗೆಸಿಕೊಂಡವರ ಮಾತು, ಹೆಸರು, ಫೋಟೊಗಳೂ ಮರಳಿ ಬರುತ್ತವೆ. ಮನೆಯವರ ಜಗಳದಿಂದಲೋ ಕೆಲಸದ ಕಾರಣಕ್ಕೋ ‘ದಯವಿಟ್ಟು ನನ್ನದನ್ನು ತೆಗೆಯಿರಿ’ ಎಂದವರು ಇನ್ನೊಂದು ದಿನ ತಮ್ಮ ಮುಖವನ್ನು ಅಲ್ಲೇ ಕಂಡರೆ ಅವರಿಗೆ ಏನು ಹೇಳುವುದು? ಐದನೆಯ ಪಾಠದ ಪಟ್ಟಿ ಇರುವುದು ಇದಕ್ಕೆ. ಮರಳಿಸಿದ ತಕ್ಷಣ ಅದನ್ನು ಹಿಡಿದು ಒಂದೊಂದಾಗಿ ತೆಗೆಯಬೇಕು.

11. ಸಿಗದಿದ್ದರೆ ಕೇಳಿ, ಕಟ್ಟಬೇಡಿ

ಎಲ್ಲ ದಾರಿಯೂ ಮುಚ್ಚಿದಾಗ ಮಾಲೀಕರು ಹೇಳುವುದು, ‘ನೀವೇ ಏನಾದರೂ ಬರೆದು ಹಾಕಿ, ಅವರು ಹೀಗೇ ಏನೋ ಹೇಳಿದ್ದರು’ ಎಂದು. ಬೇಡ. ಬರೆದವರಿಗೇ ಒಂದು ಸಂದೇಶ ಕಳಿಸಿ: ‘ನಮ್ಮ ಕಡೆಯ ತೊಂದರೆಯಿಂದ ನಿಮ್ಮ ಮಾತು ಅಳಿಸಿಹೋಗಿದೆ. ನಿಮ್ಮಲ್ಲಿ ನಕಲು ಇದ್ದರೆ ಕಳಿಸುತ್ತೀರಾ, ಇಲ್ಲದಿದ್ದರೆ ಮತ್ತೊಮ್ಮೆ ಎರಡು ಸಾಲು ಬರೆಯುತ್ತೀರಾ?’ ಜನ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟೋ ಮಂದಿ ಮೊದಲಿಗಿಂತ ವಿವರವಾಗಿ ಬರೆಯುತ್ತಾರೆ. ಉತ್ತರ ಬರದಿದ್ದರೆ ಆ ಜಾಗ ಖಾಲಿ ಇರಲಿ.

ತಪ್ಪಾದ ಮಾತು ಯಾರದ್ದಾದರೂ ಹೆಸರಿನಲ್ಲಿ ಹೊರಗೆ ಹೋಗಿದ್ದರೆ, ಸರಿಪಡಿಸಿದ ಮೇಲೆ ಅವರಿಗೆ ನಾವಾಗಿಯೇ ತಿಳಿಸಬೇಕು. ಬೇರೆ ಯಾರೋ ಹೇಳಿ ಅವರಿಗೆ ಗೊತ್ತಾಗಬಾರದು. ಶೀಟಿನಲ್ಲಿ ಏನಾಯಿತು, ಯಾವಾಗ ಸರಿಹೋಯಿತು ಎಂದು ಒಂದು ಸಾಲು ಬರೆದಿಡಿ. ಯಾರು ಮಾಡಿದರು ಎಂದು ಬರೆಯುವ ಅಗತ್ಯವಿಲ್ಲ. ಹೆಸರು ಬರೆಯತೊಡಗಿದರೆ ಮುಂದಿನ ಸಲ ಕೆಲಸದ ಹುಡುಗರು ಬಚ್ಚಿಡುತ್ತಾರೆ, ಆಗ ಕಸದ ಬುಟ್ಟಿಯ ಆ 30 ದಿನಗಳು ಯಾರಿಗೂ ತಿಳಿಯದೆ ಕಳೆದುಹೋಗುತ್ತವೆ.

ಇದನ್ನು ಓದುತ್ತಿರುವವರಲ್ಲಿ ಸ್ವಂತ ಅಂಗಡಿ, ಹೋಮ್‌ಸ್ಟೇ, ಕ್ಲಿನಿಕ್ ಇರುವವರಿಗೆ ಒಂದು ವಿನಂತಿ. ನಿಮ್ಮ ಅನಿಸಿಕೆ ಪುಟ ತೆರೆದು ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಅದರ ಮೂಲ ಎಲ್ಲಿದೆ, ಬರೆದವರ ಒಪ್ಪಿಗೆ ಎಲ್ಲಿದೆ ಎಂದು ಹುಡುಕಿ. ಹತ್ತು ನಿಮಿಷದಲ್ಲಿ ಎರಡೂ ಸಿಗದಿದ್ದರೆ ಪುಟದಲ್ಲಿ ಬೇರೇನನ್ನೂ ತಿದ್ದಬೇಡಿ. ಹಳೆಯ ಫೋನು ಕೈಬಿಡುವ ಮುಂಚೆ, ಅತಿಥಿ ಪುಸ್ತಕಕ್ಕೆ ಗೆದ್ದಲು ಹಿಡಿಯುವ ಮುಂಚೆ ಮೂಲಗಳನ್ನೆಲ್ಲ ಒಂದೆಡೆ ಇಳಿಸಿಕೊಳ್ಳಿ.